ಪರದೇಶದಲ್ಲಿರುವ ಮಗನಿಗೆ ಊರ ಮನೆಯ ಸಿದ್ಧತೆ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ಬೀಜ, ಗೊಬ್ಬರ, ಕಾಲುವೆ ನೀರಿನ ಮಾತನ್ನು ಬಿಟ್ಟು ಬೇರೊಂದು ವಿಚಾರವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಕೇಳುವಾಗ ಅದು ದೂರದ ಮಾತೆಂದು ತೋರಬಹುದು. ಆದರೆ ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ಊರುಗಳಿಂದಲೂ ಈಗ ಮಕ್ಕಳು ದುಡಿಮೆಗೆಂದು, ಓದಿಗೆಂದು ಸಮುದ್ರದಾಚೆಗೆ ಹೋಗುತ್ತಿದ್ದಾರೆ. ಹಾಗೆ ಹೋದಲ್ಲಿ ಯುದ್ಧವೋ ದಂಗೆಯೋ ಎದ್ದು, ಇದ್ದಕ್ಕಿದ್ದಂತೆ ಆ ದೇಶವನ್ನು ಬಿಟ್ಟು ಬರಬೇಕಾದ ಪ್ರಸಂಗ ಒದಗಿದರೆ ಅವರು ಏನು ಮಾಡಬೇಕು, ಇಲ್ಲಿ ಮನೆಯಲ್ಲಿರುವ ನಾವು ಏನು ಮಾಡಬೇಕು ಎಂಬುದೇ ಇಂದಿನ ವಿಚಾರ.

ಹೊಳೆಯ ದಂಡೆಯಲ್ಲಿ ಬಾಳುವ ನಮಗೆ ಈ ವಿದ್ಯೆ ಹೊಸದೇನೂ ಅಲ್ಲ. ತುಂಗಭದ್ರಾ ಜಲಾಶಯ ತುಂಬಿತು, ಗೇಟು ಎತ್ತುತ್ತಾರೆ ಎಂದು ಕೇಳಿದೊಡನೆ ಕಂಪ್ಲಿಯ ರೈತನು ಏನು ಮಾಡುತ್ತಾನೆ? ದಂಡೆಯಲ್ಲಿರುವ ಪಂಪ್‌ಸೆಟ್ಟನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ. ದನಗಳನ್ನು ಎತ್ತರದ ಜಾಗಕ್ಕೆ ಹೊಡೆಯುತ್ತಾನೆ. ಗಂಗಾವತಿಯಲ್ಲಿ ಕೆಲಸವಿದ್ದರೆ ಸೇತುವೆ ಮುಳುಗುವುದಕ್ಕೆ ಮುಂಚೆಯೇ ಹೋಗಿ ಬರುತ್ತಾನೆ. ಹಂಪಿಯ ಪುರಂದರ ಮಂಟಪಕ್ಕೆ ನೀರು ಬಂತೆಂದರೆ ಹರಿಗೋಲು ಹಾಕುವವನು ಹರಿಗೋಲನ್ನು ದಡಕ್ಕೆ ಎತ್ತಿ ಇಡುತ್ತಾನೆ. ಇದನ್ನೆಲ್ಲ ಯಾರೂ ಪುಸ್ತಕದಿಂದ ಕಲಿತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ಕೆಳಗಿನ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ಆ ದಿನಗಳಲ್ಲಿ ಪ್ರತಿ ಮನೆಯವರೂ ಎಲ್ಲಿಗೆ ಹೋಗುವುದು, ಏನನ್ನು ಕೊಂಡೊಯ್ಯುವುದು ಎಂದು ಯೋಚಿಸಿದವರೇ.

ಇನ್ನೊಂದು ಸಂಗತಿಯೂ ನಿಮಗೆ ನೆನಪಿರಬಹುದು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿದಾಗ ಹಂಪಿಯ ಎದುರು ದಡದ ವಿರೂಪಾಪುರಗಡ್ಡೆಯಲ್ಲಿ ನೂರಾರು ಪ್ರವಾಸಿಗಳು ಸಿಕ್ಕಿಕೊಂಡರು. ಅವರಲ್ಲಿ ಹೊರದೇಶದವರೂ ಇದ್ದರು. ಅವರನ್ನು ದೋಣಿಗಳಲ್ಲಿ, ಹೆಲಿಕಾಪ್ಟರಿನಲ್ಲಿ ಈಚೆಗೆ ತರಬೇಕಾಯಿತು. ನಮ್ಮ ಕಣ್ಣಿಗೆ ಅವರು ಪರದೇಶಿಗಳು. ಆದರೆ ಎಲ್ಲೋ ಒಂದು ಊರಿನಲ್ಲಿ ಅವರ ತಾಯಿತಂದೆಗಳೂ ಟೆಲಿವಿಷನ್ ಮುಂದೆ ಕುಳಿತು ತುಂಗಭದ್ರೆ ಎಂಬ ಹೆಸರನ್ನು ಅಂದೇ ಮೊದಲು ಕೇಳಿ ಕಳವಳಪಟ್ಟಿರಬೇಕು. ನಮ್ಮ ಮಕ್ಕಳು ಹೊರಗೆ ಹೋದಾಗ ನಾವೂ ಅದೇ ಸ್ಥಿತಿಯಲ್ಲಿರುತ್ತೇವೆ.

ಹಂಪಿಯಲ್ಲಿಯೇ ಹೀಗೆ ಸಿಕ್ಕಿಕೊಂಡ ಪರದೇಶಿಯ ಹಳೆಯ ಕಥೆಯೊಂದಿದೆ. 1565ರ ಯುದ್ಧದಲ್ಲಿ ವಿಜಯನಗರ ಸೋತು ಪಟ್ಟಣ ಹಾಳಾಯಿತಷ್ಟೆ. ಅದಾದ ಎರಡು ವರ್ಷಕ್ಕೆ, 1567ರಲ್ಲಿ, ವೆನಿಸ್ ದೇಶದ ಸೀಸರ್ ಫೆಡ್ರಿಕಿ ಎಂಬ ವರ್ತಕನು ಗೋವೆಯಿಂದ ಇಲ್ಲಿಗೆ ಬಂದ. ಅವನ ಕೆಲಸ ಒಂದು ತಿಂಗಳಿನದು. ಆದರೆ ದಾರಿಗಳಲ್ಲೆಲ್ಲ ಕಳ್ಳರ ಕಾಟವಿದ್ದುದರಿಂದ ಏಳು ತಿಂಗಳು ಇಲ್ಲಿಯೇ ಕುಳಿತಿರಬೇಕಾಯಿತು. ಕಡೆಗೆ ಹೊರಟಾಗ ದಾರಿಯುದ್ದಕ್ಕೂ ಒಬ್ಬೊಬ್ಬ ಪಾಳೆಯಗಾರನದು ಒಂದೊಂದು ತಾಮ್ರದ ನಾಣ್ಯ. ಈ ದಿನ ಪಡೆದ ಕಾಸು ಮರುದಿನ ಮುಂದಿನ ಸೀಮೆಯಲ್ಲಿ ನಡೆಯುತ್ತಿರಲಿಲ್ಲವೆಂದು ಅವನು ಬರೆದಿಟ್ಟಿದ್ದಾನೆ. ದಾರಿ ಮುಚ್ಚುವುದು, ಕೈಯ ಹಣ ನಡೆಯದಿರುವುದು, ಈ ಎರಡು ಕಷ್ಟಗಳು ಅಂದಿನವೂ ಹೌದು, ಇಂದಿನವೂ ಹೌದು. ಇದಕ್ಕೆ ನಮ್ಮ ಕಾಲದ ನಾಲ್ಕು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ಕುವೈತಿನದು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿನೊಳಕ್ಕೆ ನುಗ್ಗಿತು. ಅಲ್ಲಿ ಲಕ್ಷಕ್ಕೂ ಮೀರಿ ನಮ್ಮ ದೇಶದವರಿದ್ದರು. ರಾತ್ರಿ ಮಲಗುವಾಗ ಬ್ಯಾಂಕಿನಲ್ಲಿ ಹಣವಿದ್ದವನು ಬೆಳಗಾಗುವುದರಲ್ಲಿ ಬರಿಗೈಯವನಾದ. ಬ್ಯಾಂಕು ಮುಚ್ಚಿತು, ಕುವೈತಿನ ದಿನಾರಿಗೆ ಬೆಲೆ ಇಲ್ಲದಾಯಿತು. ಪಾಸ್‌ಪೋರ್ಟು ಧಣಿಯ ಬಳಿ ಇದ್ದು, ಧಣಿಯೇ ಊರು ಬಿಟ್ಟಿದ್ದರಿಂದ ಕಾಗದವಿಲ್ಲದೆ ನಿಂತವರು ಅನೇಕರು. ಅವರು ಇರಾಕನ್ನು ದಾಟಿ, ಜೋರ್ಡಾನಿನ ಗಡಿಯ ಡೇರೆಗಳಲ್ಲಿ ದಿನಗಳನ್ನು ಕಳೆದು ಅಮ್ಮಾನ್ ಪಟ್ಟಣ ತಲುಪಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಸುಮಾರು ಎರಡು ತಿಂಗಳಲ್ಲಿ 488 ಸಲ ಹಾರಿ 1 ಲಕ್ಷ 11 ಸಾವಿರಕ್ಕೂ ಹೆಚ್ಚು ಜನರನ್ನು ಮುಂಬಯಿಗೆ ತಂದವು. ಮುಂದೆ ವಿಶ್ವಸಂಸ್ಥೆಯು 1991ರಲ್ಲಿ ಪರಿಹಾರ ಆಯೋಗವನ್ನು ಸ್ಥಾಪಿಸಿತು. ಆಗ ಕೆಲಸದ ಕರಾರು, ಸಂಬಳದ ಚೀಟಿ ಉಳಿಸಿಕೊಂಡು ಬಂದವನಿಗೆ ತನ್ನ ನಷ್ಟವನ್ನು ತೋರಿಸಲು ಆಧಾರವಿತ್ತು.

ಎರಡನೆಯದು ಉಕ್ರೇನಿನದು. ಅಲ್ಲಿ ನಮ್ಮ ರಾಜ್ಯದ ಅನೇಕ ಮಕ್ಕಳು ವೈದ್ಯ ವಿದ್ಯೆ ಓದುತ್ತಿದ್ದರು. 2022ರ ಫೆಬ್ರವರಿ 15ರಂದು ಭಾರತದ ರಾಯಭಾರ ಕಚೇರಿಯು, ಇರಲೇಬೇಕೆಂಬ ಅಗತ್ಯವಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ಸದ್ಯಕ್ಕೆ ದೇಶ ಬಿಟ್ಟು ಹೋಗುವುದನ್ನು ಯೋಚಿಸಬೇಕೆಂದು ಸೂಚಿಸಿತು. ಪಾಠಗಳು ನಡೆಯುತ್ತಿದ್ದವು, ವಿಮಾನದ ಟಿಕೆಟ್ಟಿನ ದರ ಏರಿತ್ತು, ಶುಲ್ಕ ಕಟ್ಟಿಯಾಗಿತ್ತು. ಬಹಳ ಮಂದಿ ತಡೆದರು. 24ರಂದು ಯುದ್ಧ ಆರಂಭವಾಗಿ ವಿಮಾನಗಳು ನಿಂತೇಹೋದವು. ಒಂಬತ್ತು ದಿನ ಮೊದಲು ಟಿಕೆಟ್ಟಿನಿಂದ ಆಗುತ್ತಿದ್ದ ಪ್ರಯಾಣಕ್ಕೆ ಈಗ ರೈಲು, ಬಸ್ಸು, ಕಡೆಗೆ ಕೊರೆಯುವ ಚಳಿಯಲ್ಲಿ ಕಾಲ್ನಡಿಗೆ ಬೇಕಾಯಿತು. ನಮ್ಮ ನೆರೆಯ ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಮಾರ್ಚ್ 1ರಂದು ಖಾರ್ಕಿವ್ ಪಟ್ಟಣದಲ್ಲಿ ದಿನಸಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ದಾಳಿಗೆ ಸಿಕ್ಕು ತೀರಿಕೊಂಡ. ಅನ್ನಕ್ಕಾಗಿ ಹೊರಬಂದ ಮಗು ಅದು. ಅವನ ತಪ್ಪೇನೂ ಇಲ್ಲ. ಆ ಸಾವಿನಿಂದ ನಾವು ಕಲಿಯಬೇಕಾದ ಪಾಠ ಮಾತ್ರ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು ಸೂಡಾನಿನದು. ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರು ಗಿಡಮೂಲಿಕೆಯ ಎಣ್ಣೆ, ಔಷಧಿಗಳನ್ನು ಮಾರುತ್ತ ಆಫ್ರಿಕಾ ಖಂಡದವರೆಗೂ ಹೋಗುತ್ತಾರೆ. ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ಈ ಜನರು 2023ರ ಏಪ್ರಿಲ್ 15ರಂದು ಅಲ್ಲಿನ ಎರಡು ಸೇನಾಪಡೆಗಳ ನಡುವೆ ಕಾಳಗ ಹತ್ತಿದಾಗ ರಾಜಧಾನಿ ಖಾರ್ತೂಮಿನಲ್ಲಿಯೂ, ಪಶ್ಚಿಮದ ಎಲ್ ಫಾಶರ್ ಪಟ್ಟಣದಲ್ಲಿಯೂ ಸಿಕ್ಕಿಕೊಂಡರು. ವಿದ್ಯುತ್ತು ಇಲ್ಲ, ಕುಡಿಯುವ ನೀರಿಲ್ಲ, ಫೋನಿಗೆ ಜೀವವಿಲ್ಲ. ಸಾಲ ಮಾಡಿ ಸರಕು ಕೊಂಡೊಯ್ದವರೂ ಅವರಲ್ಲಿದ್ದರು. ಭಾರತ ಸರ್ಕಾರವು ಏಪ್ರಿಲ್ 24ರಿಂದ ತೆರವಿನ ಕಾರ್ಯವನ್ನು ಆರಂಭಿಸಿತು. ಅದಕ್ಕೆ ನಮ್ಮ ಕಾವೇರಿಯ ಹೆಸರನ್ನೇ ಇಟ್ಟಿತು. ಖಾರ್ತೂಮಿನಿಂದ 800 ಕಿಲೋಮೀಟರಿಗೂ ಹೆಚ್ಚು ದೂರದ ಸೂಡಾನ್ ಬಂದರಿಗೆ ಬಸ್ಸು, ಅಲ್ಲಿಂದ ಕೆಂಪು ಸಮುದ್ರವನ್ನು ದಾಟಿ ಜೆಡ್ಡಾಕ್ಕೆ ಹಡಗು, ಅಲ್ಲಿಂದ ಊರಿಗೆ ವಿಮಾನ. ಹೀಗೆ ಒಟ್ಟು 3,862 ಮಂದಿ ಪಾರಾದರು.

ನಾಲ್ಕನೆಯದು ತೀರ ಈಚಿನದು. 2025ರ ಜೂನಿನಲ್ಲಿ ಇರಾನಿನ ಮೇಲೆ ಬಾಂಬು ಬಿದ್ದಾಗ ಅಲ್ಲಿ ಓದುತ್ತಿದ್ದವರಲ್ಲಿ ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮಕ್ಕಳೂ ಇದ್ದರು. ವಿಮಾನ ಸಂಚಾರ ನಿಂತುದರಿಂದ ವಿದ್ಯಾರ್ಥಿಗಳ ಒಂದು ತಂಡವನ್ನು ರಸ್ತೆಯ ಮೂಲಕ ನೆರೆಯ ಆರ್ಮೇನಿಯಾ ದೇಶಕ್ಕೆ ಸೇರಿಸಿ, ಅಲ್ಲಿಂದ ವಿಮಾನದಲ್ಲಿ ದೆಹಲಿಗೆ ಕರೆತಂದರು.

ಈ ನಾಲ್ಕನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿರಿ. ಸರ್ಕಾರದ ವಿಮಾನ, ಹಡಗು ಬಂದೇ ಬಂದವು. ಆದರೆ ಯಾವ ವಿಮಾನವೂ ಯಾರ ಮನೆಯ ಬಾಗಿಲಿಗೂ ಬರಲಿಲ್ಲ. ಬಂದರಿನ ತನಕ, ಗಡಿಯ ತನಕ ತಲುಪುವ ಭಾರದ ಹೆಚ್ಚಿನ ಪಾಲು ಸಿಕ್ಕಿಕೊಂಡವನದೇ ಆಗಿತ್ತು. ಆ ದಾರಿಗೆ ಬೇಕಾದುದು ನಾಲ್ಕು: ಕಾಗದ, ಕೈಕಾಸು, ಸುದ್ದಿ, ಮತ್ತು ಹೊರಡುವ ಮನಸ್ಸು. ಇವುಗಳಲ್ಲಿ ಮೂರನ್ನು ಅಲ್ಲಿರುವವನು ಜೋಡಿಸಿಕೊಳ್ಳಬಹುದು. ನಾಲ್ಕನೆಯದನ್ನು ಕೊಡಬೇಕಾದವರು ನಾವು.

ಮೊದಲು ಕಾಗದ. ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತೆಂದು 1967ರ ಕಾಯಿದೆ ಹೇಳುತ್ತದೆ. ಅದನ್ನು ಧಣಿಯ ಪೆಟ್ಟಿಗೆಯಲ್ಲಿ ಬಿಟ್ಟಿರಬಾರದು, ತನ್ನ ಬಳಿಯಲ್ಲಿಯೇ ಇಟ್ಟುಕೊಳ್ಳಬೇಕು. ಹೊರಡುವ ಮುನ್ನವೇ ಪಾಸ್‌ಪೋರ್ಟು, ವೀಸಾ, ಕೆಲಸದ ಕರಾರು, ವಿಮೆಯ ಕಾಗದ ಇವುಗಳ ಮೂರು ಪ್ರತಿಗಳನ್ನು ತೆಗೆಸಿರಿ. ಒಂದು ಅವನ ಚೀಲದಲ್ಲಿ, ಒಂದು ಅವನ ಫೋನಿನಲ್ಲಿ, ಒಂದು ನಿಮ್ಮ ಮನೆಯಲ್ಲಿ, ಹೊಲದ ಪಹಣಿ, ಪಟ್ಟೆ ಪುಸ್ತಕಗಳನ್ನು ಇಡುವ ಜಾಗದಲ್ಲಿಯೇ ಇರಲಿ. ಪಾಸ್‌ಪೋರ್ಟು ಕಳೆದುಹೋದರೂ ಊರಿಗೆ ಮರಳಲು ನಮ್ಮ ರಾಯಭಾರ ಕಚೇರಿ ತುರ್ತು ಪ್ರಯಾಣ ಪತ್ರವನ್ನು ಕೊಡಬಲ್ಲದು. ತಾನು ಯಾರೆಂಬುದನ್ನು ತೋರಿಸಲು ಆಗ ಆ ಪ್ರತಿಯೇ ಆಸರೆ. ವೀಸಾದ ಅವಧಿ ಮುಗಿಯುವ ಮುಂಚೆಯೇ ಅದನ್ನು ಮುಂದುವರಿಸಿಕೊಳ್ಳಬೇಕು. ಅವಧಿ ಮೀರಿದವನು ಗಡಿಯಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುತ್ತಾನೆ.

ಇದಕ್ಕೆ ಸೇರಿದ ಇನ್ನೊಂದು ಮಾತು. ಹತ್ತನೆಯ ತರಗತಿ ಪಾಸಾಗದವರು ಗಲ್ಫ್ ದೇಶಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ ಸರ್ಕಾರದಿಂದ ವಲಸೆ ಅನುಮತಿ ಪಡೆಯಬೇಕೆಂಬ ನಿಯಮವಿದೆ. ಸೂಡಾನ್, ಯೆಮನ್ ಕೂಡ ಆ ಪಟ್ಟಿಯಲ್ಲಿವೆ. ಪ್ರವಾಸಿ ಭಾರತೀಯ ವಿಮೆಯೂ ಇದರೊಡನೆ ಬರುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಿಂದ ಮರಣವಾದರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ಈ ದಾರಿಯನ್ನು ಬಿಟ್ಟು, ನೋಡಿ ಬರುವ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರೆಂದು ದಲ್ಲಾಳಿ ಹೇಳಿದರೆ ಒಪ್ಪಬೇಡಿರಿ. ಹಾಗೆ ಹೋದವನು ಎಲ್ಲಿದ್ದಾನೆಂಬುದು ಸರ್ಕಾರದ ಪುಸ್ತಕದಲ್ಲಿ ಇರುವುದಿಲ್ಲ. ಪುಸ್ತಕದಲ್ಲಿ ಇಲ್ಲದವನನ್ನು ಕಷ್ಟಕಾಲದಲ್ಲಿ ಹುಡುಕುವುದು ಹೇಗೆ? ಓದಲು ಹೋಗುವವರೂ ಅಷ್ಟೆ. ಇಳಿದ ವಾರದೊಳಗೆ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಫೋನು ಬರೆಸಬೇಕು. ಮನೆ ಬದಲಾಯಿಸಿದರೆ ಅದನ್ನೂ ತಿಳಿಸಬೇಕು.

ಎರಡನೆಯದು ಕೈಕಾಸು. ದುಡಿದುದನ್ನೆಲ್ಲ ಅಲ್ಲಿನ ಬ್ಯಾಂಕಿನಲ್ಲಿ ಬಿಡದೆ ತಿಂಗಳು ತಿಂಗಳಿಗೆ ಊರಿಗೆ ಕಳಿಸುತ್ತಿರಬೇಕು. ಆದರೆ ಕಡೆಯ ಕಾಸಿನವರೆಗೂ ಕಳಿಸುವುದು ಸಲ್ಲದು. ಒಂದು ತಿಂಗಳ ಊಟಕ್ಕೆ, ಗಡಿಯವರೆಗಿನ ಬಾಡಿಗೆಗೆ ಆಗುವಷ್ಟು ಹಣವನ್ನು ಮುಟ್ಟದೆ ಇಟ್ಟುಕೊಂಡಿರಬೇಕು. ಅದರಲ್ಲಿ ಅರ್ಧ ಆ ದೇಶದ ನಾಣ್ಯದಲ್ಲಿ, ಅರ್ಧ ಸಣ್ಣ ಡಾಲರ್ ನೋಟುಗಳಲ್ಲಿ ಇರಲಿ. ಹಗೇವಿನ ಬಿತ್ತನೆ ಜೋಳವನ್ನು ಹಬ್ಬಕ್ಕೂ ತೆಗೆಯುವುದಿಲ್ಲವಲ್ಲ, ಈ ಹಣವೂ ಹಾಗೆಯೇ.

ಈ ಹಣದ ಜೊತೆಗೆ ಒಂದು ಚೀಲ ಸದಾ ಕಟ್ಟಿಟ್ಟಿರಬೇಕು. ಒಂದು ಜೊತೆ ಬಟ್ಟೆ, ಹೊದಿಕೆ, ದಿನ ತೆಗೆದುಕೊಳ್ಳುವ ಔಷಧಿ, ಕೈದೀಪ, ಫೋನಿಗೆ ಶಕ್ತಿ ತುಂಬುವ ಬ್ಯಾಟರಿ, ನೀರಿನ ಶೀಸೆ. ತಾನೇ ಹೊತ್ತು ಹತ್ತು ಮೈಲಿ ನಡೆಯುವಷ್ಟೇ ಭಾರವಿರಲಿ. ಇದಲ್ಲದೆ ಕೋಣೆಯಲ್ಲಿ ಹತ್ತು ದಿನಕ್ಕಾಗುವ ಒಣ ತಿನಿಸು ಮತ್ತು ನೀರು ಇರಬೇಕು. ಆಗ ಪಟ್ಟಣದಲ್ಲಿ ಗುಂಡಿನ ಸದ್ದಿರುವಾಗ ಬೇಗನೆ ಅಂಗಡಿಗೆ ಹೋಗಬೇಕಾಗುವುದಿಲ್ಲ. ಹಾವೇರಿಯ ಮಗುವಿನಿಂದ ಕಲಿಯಬೇಕಾದ ಪಾಠವೆಂದೆನಲ್ಲ, ಅದು ಇದೇ. ತಾಯಂದಿರೇ, ಮಕ್ಕಳು ಹೊರಡುವಾಗ ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿ, ಅವಲಕ್ಕಿ ಕಟ್ಟಿ ಕೊಡುತ್ತೀರಿ. ಆ ಬುತ್ತಿಯಲ್ಲಿ ಒಂದು ಪಾಲನ್ನು ಆಪತ್ತಿಗೆಂದು ತೆಗೆದಿಡು ಎಂದು ಹೇಳಿ ಕಳಿಸಿರಿ.

ಮೂರನೆಯದು ಸುದ್ದಿ. ಆಪತ್ತಿನಲ್ಲಿ ಫೋನು ಸಿಕ್ಕುವುದು ಕಷ್ಟ, ಸಿಕ್ಕರೂ ಬ್ಯಾಟರಿ ಅಮೂಲ್ಯ. ಮಾತಿಗಿಂತ ಬರೆದ ಸಂದೇಶ ಬೇಗ ಹೋಗುತ್ತದೆ. ಮನೆಯವರೂ ಮಗನೂ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಬೇಕು. ಅವನು ನಾಲ್ಕು ಸಂಗತಿ ಬರೆದರೆ ಸಾಕು: ಕ್ಷೇಮವಾಗಿದ್ದೇನೆಯೇ, ಎಲ್ಲಿದ್ದೇನೆ, ಯಾರ ಜೊತೆ ಎಲ್ಲಿಗೆ ಹೊರಟಿದ್ದೇನೆ, ಮತ್ತೆ ಯಾವ ಹೊತ್ತಿಗೆ ಬರೆಯುತ್ತೇನೆ. ಅದನ್ನು ಮನೆಯ ಒಬ್ಬರಿಗೆ ಮಾತ್ರ ಕಳಿಸಲಿ. ಅವರು ಸೋದರಮಾವ, ಚಿಕ್ಕಪ್ಪ ಎಂದು ಎಲ್ಲರಿಗೂ ತಿಳಿಸಲಿ. ಹತ್ತು ಕಡೆಯಿಂದ ಹತ್ತು ಮಂದಿ ಕರೆದರೆ ಅವನ ಫೋನು ಬೇಕಾದ ಹೊತ್ತಿಗೆ ಸತ್ತಿರುತ್ತದೆ. ರಾಯಭಾರ ಕಚೇರಿಯ ಫೋನು ನಂಬರನ್ನು ಫೋನಿನಲ್ಲಷ್ಟೇ ಅಲ್ಲದೆ ಕಾಗದದಲ್ಲಿಯೂ ಬರೆದಿಟ್ಟುಕೊಂಡಿರಬೇಕು. ಆ ದೇಶದಿಂದ ಹೊರಬೀಳುವ ಎರಡು ದಾರಿಗಳನ್ನಾದರೂ ನಕ್ಷೆಯಲ್ಲಿ ನೋಡಿ ತಿಳಿದಿರಬೇಕು. ವಿಮಾನ ನಿಂತರೆ ಯಾವ ಗಡಿ, ಗಡಿ ಮುಚ್ಚಿದರೆ ಯಾವ ಬಂದರು? ಕುವೈತಿನವರಿಗೆ ಅಮ್ಮಾನ್, ಸೂಡಾನಿನವರಿಗೆ ಬಂದರು, ಇರಾನಿನವರಿಗೆ ಆರ್ಮೇನಿಯಾ ದಾರಿಯಾಯಿತು. ಹೊರಟರೆ ಒಂಟಿಯಾಗಿ ಹೊರಡದೆ ಗುಂಪಿನೊಡನೆ, ರಾಯಭಾರ ಕಚೇರಿ ತೋರಿಸಿದ ದಾರಿಯಲ್ಲಿಯೇ ಹೊರಡಬೇಕು.

ಇಲ್ಲಿ ನೀವು ಮಾಡಬೇಕಾದ ಕೆಲಸವೂ ಇದೆ. ಕೆಟ್ಟ ಸುದ್ದಿ ಬಂದ ದಿನವೇ ಮಗನ ಹೆಸರು, ಪಾಸ್‌ಪೋರ್ಟಿನ ನಂಬರು, ಅಲ್ಲಿನ ವಿಳಾಸ, ಫೋನು, ಅವನೊಡನೆ ಇರುವವರ ಹೆಸರು ಇವನ್ನು ಬರೆದುಕೊಂಡು ಜಿಲ್ಲಾಧಿಕಾರಿಗಳ ಕಚೇರಿಗೆ ಕೊಡಿರಿ. ವಿಜಯನಗರ ಜಿಲ್ಲೆಯವರಿಗೆ ಹೊಸಪೇಟೆ, ಕಂಪ್ಲಿ ಮತ್ತು ಸಂಡೂರಿನವರಿಗೆ ಬಳ್ಳಾರಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077. ಉಕ್ರೇನಿನ ಕಾಲದಲ್ಲಿಯೂ ಸೂಡಾನಿನ ಕಾಲದಲ್ಲಿಯೂ ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರವು ಇಂಥ ವಿವರಗಳನ್ನು ಕಲೆಹಾಕಿ ದೆಹಲಿಗೆ ಕಳಿಸಿತು. ವಿದೇಶಾಂಗ ಸಚಿವಾಲಯದ ‘ಮದದ್’ ಎಂಬ ವ್ಯವಸ್ಥೆಯಲ್ಲಿಯೂ ಮನೆಯವರು ದೂರು ದಾಖಲಿಸಬಹುದು. ಓದುಬರಹ ಬಾರದವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಸಹಾಯ ಕೇಳಿರಿ, ನಾಚಿಕೆ ಬೇಡ. ಹಣ ಕೊಟ್ಟರೆ ಮೊದಲ ವಿಮಾನದಲ್ಲಿ ಸೀಟು ಕೊಡಿಸುತ್ತೇನೆ ಎನ್ನುವವನಿಗೆ ಒಂದು ಕಾಸನ್ನೂ ಕೊಡಬೇಡಿರಿ. ಊರಿನ ಫೋನುಗಳಲ್ಲಿ ಸುತ್ತುವ ಗಾಳಿಸುದ್ದಿಯನ್ನು ಮಗನಿಗೆ ಕಳಿಸಿ ಅವನ ಎದೆ ಒಡೆಯಬೇಡಿರಿ.

ಇನ್ನು ನಾಲ್ಕನೆಯದು, ಹೊರಡುವ ಮನಸ್ಸು. ಇದನ್ನು ನೀವು ಮನಸ್ಸಿಟ್ಟು ಕೇಳಬೇಕು.

ಸೂಚನೆ ಬಂದರೂ ಮಗನು ಏಕೆ ಹೊರಡುವುದಿಲ್ಲ? ಅವನಿಗೆ ಭಯವಿಲ್ಲವೆಂದಲ್ಲ. ಅವನ ಕಣ್ಣ ಮುಂದೆ ಊರಿನ ಸಾಲ ನಿಂತಿರುತ್ತದೆ. ಅಪ್ಪ ಗದ್ದೆಯನ್ನು ಅಡವಿಟ್ಟ, ಅವ್ವ ಬೋರಮಾಳ ಸರವನ್ನು ಬಿಚ್ಚಿಕೊಟ್ಟಳು, ತಂಗಿಯ ಮದುವೆ ಬಾಕಿ ಇದೆ, ಬರಿಗೈಯಲ್ಲಿ ಹೋಗಿ ಯಾವ ಮುಖ ತೋರಿಸಲಿ ಎಂದು ಅವನು ಯೋಚಿಸುತ್ತಾನೆ. ಇನ್ನೊಂದು ತಿಂಗಳ ಸಂಬಳ ಬರಲಿ, ಇನ್ನೊಂದು ಪರೀಕ್ಷೆ ಮುಗಿಯಲಿ ಎಂದು ತಡೆಯುತ್ತಾನೆ. ಅಷ್ಟರಲ್ಲಿ ದಾರಿ ಮುಚ್ಚುತ್ತದೆ. ಸಾಲದ ಭಾರ ಹೆಚ್ಚಿದಷ್ಟೂ ಕಾಲು ಏಳುವುದು ತಡವಾಗುತ್ತದೆ.

ಆದುದರಿಂದ ಅವನು ಹೊರಡುವ ದಿನವೇ, ದೇವರ ಮುಂದೆ ದೀಪ ಹಚ್ಚಿ ಕಳಿಸುವಾಗ, ತಂದೆತಾಯಿಗಳು ಬಾಯಿಬಿಟ್ಟು ಒಂದು ಮಾತು ಹೇಳಬೇಕು: “ನೋಡು ತಮ್ಮಾ, ಹೊರಡು ಎಂದು ಅಲ್ಲಿನ ನಮ್ಮ ಕಚೇರಿಯವರು ಹೇಳಿದ ದಿನ ಹೊರಟು ಬಾ. ಸಂಬಳ ಬಿಟ್ಟು ಬಾ, ಸಾಮಾನು ಬಿಟ್ಟು ಬಾ. ಸಾಲದ ಮಾತು ನಮಗಿರಲಿ.” ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಲದು. ಆಪತ್ತಿನ ದಿನ ಫೋನು ಸಿಕ್ಕದೆ ಹೋಗಬಹುದು. ಮೊದಲೇ ಹೇಳಿದ್ದರೆ ಅದು ಅವನ ಜೊತೆಯಲ್ಲಿರುತ್ತದೆ.

ಈ ಮಾತು ಬರಿಯ ಬಾಯಿಮಾತಾಗದಿರಬೇಕಾದರೆ ಸಾಲವೂ ಮಿತಿಯಲ್ಲಿರಬೇಕು. ಕಬ್ಬು ಕೆಟ್ಟರೂ, ಬಾಳೆ ಬಿದ್ದರೂ ತೀರಿಸಬಹುದಾದಷ್ಟು ಸಾಲದಲ್ಲಿ ಅವನನ್ನು ಕಳಿಸಿರಿ. ಇರುವ ಹೊಲವನ್ನೆಲ್ಲ ಅಡವಿಟ್ಟು ಕಳಿಸಿದವನು ಮಗನಿಗೆ ‘ಬಾ’ ಎನ್ನಲಾರ. ಅವನು ಕಳಿಸಿದ ಮೊದಲ ವರ್ಷದ ಹಣ ಮನೆ ಕಟ್ಟುವುದಕ್ಕೆ ಹೋಗದಿರಲಿ, ಸಾಲಕ್ಕೆ ಹೋಗಲಿ. ಮೇಲಂತಸ್ತು ಮುಂದೆ ಏರಿಸಬಹುದು.

ಬಂದ ಮೇಲೆ ಏನು? ಎಲ್ಲವನ್ನೂ ಬಿಟ್ಟು ಬಂದವನನ್ನು ಊರಿನವರು ಹೇಗೆ ಕಾಣುತ್ತಾರೆ ಎಂಬುದೂ ಮುಂದಿನವನ ಸಿದ್ಧತೆಯೇ. “ಎಷ್ಟು ತಂದೆ?” ಎಂದು ಕಟ್ಟೆಯ ಮೇಲೆ ಕೇಳುವ ಊರಿಗೆ ಬರಲು ಯಾರೂ ಅವಸರಪಡುವುದಿಲ್ಲ. ಬಾಕಿ ಸಂಬಳದ ಚೀಟಿ, ಕರಾರು ಕಾಗದಗಳನ್ನು ಜೋಪಾನಮಾಡಿ, ಪರಿಹಾರ ಕೇಳುವ ದಾರಿ ಇದ್ದರೆ ಕೇಳಿರಿ. ಹೊಳೆ ಇಳಿದ ಮೇಲೆ ರೈತನು ಮರಳು ತೆಗೆದು ಮತ್ತೆ ನಾಟಿ ಹಾಕುವುದಿಲ್ಲವೇ? ಜೀವ ಉಳಿದವನಿಗೆ ಇನ್ನೊಂದು ಹಂಗಾಮು ಇದ್ದೇ ಇದೆ.

ಬಂಧುಗಳೇ, ಇದಕ್ಕೆಲ್ಲ ಹೆಚ್ಚು ಹಣ ಬೇಡ. ನಿಮ್ಮ ಮನೆಯಿಂದ ಯಾರಾದರೂ ಹೊರಗೆ ಹೋಗಿದ್ದರೆ ಇಂದು ರಾತ್ರಿ ಊಟವಾದ ಮೇಲೆ ಅವರಿಗೆ ಫೋನು ಮಾಡಿರಿ. ಮೂರು ಪ್ರಶ್ನೆ ಕೇಳಿರಿ: ಪಾಸ್‌ಪೋರ್ಟು ಯಾರ ಕೈಯಲ್ಲಿದೆ? ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿದ್ದೀಯಾ? ಕೈಯಲ್ಲಿ ಒಂದು ತಿಂಗಳಿಗಾಗುವಷ್ಟು ಕಾಸಿದೆಯೇ? ಆಮೇಲೆ ಆ ಒಂದು ಮಾತನ್ನು ಹೇಳಿರಿ. ಹೋಗಿ ವರ್ಷಗಳಾಗಿದ್ದರೂ ತಡವಾಗಿಲ್ಲ.